ಅಮಾವಾಸ್ಯೆಯ ದಿನ ಮಾತ್ರ ನಿಲ್ಲದ ಯಂತ್ರ

ಕೆಟ್ಟ ಮೋಟರನ್ನು ಅವರ ಮುಂದೆ ತಂದಿಟ್ಟರೆ ಅವರು ಮೊದಲು ಮೋಟರಿನ ಕಡೆ ನೋಡುತ್ತಿರಲಿಲ್ಲ. ತಂದವನ ಮುಖ ನೋಡುತ್ತಿದ್ದರು. "ಇದರ ಪಕ್ಕದಲ್ಲಿ ದಿನಾ ಯಾರು ಇರ್ತಾರೆ?" ಎಂದು ಕೇಳುತ್ತಿದ್ದರು. ತಂದವನಿಗೆ ಸಿಟ್ಟು ಬರುತ್ತಿತ್ತು. ನಲವತ್ತು ಮೈಲಿಯಿಂದ ಮೋಟರ್ ಹೊತ್ತು ತಂದವನಿಗೆ ಇದೊಂದು ಪ್ರಶ್ನೆಯೇ?

ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಅವರು ಟೆಸ್ಟಿಂಗ್ ವಿಭಾಗದಲ್ಲಿದ್ದರು. ನಾನು ಪಕ್ಕದ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿದ್ದನ್ನು ಶಾಯಿಯಲ್ಲಿ ಚೊಕ್ಕವಾಗಿ ಬರೆದುಕೊಡುವುದು ನನ್ನ ಕೆಲಸ. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ತುಮಕೂರಿನಿಂದ ಬಂದು ಬಿದ್ದವಳು. ತಮಿಳು ಬಾರದು, ಬಾರದು ಎಂದು ಒಪ್ಪಿಕೊಳ್ಳುವ ಸ್ವಭಾವವೂ ಇರಲಿಲ್ಲ. ಮೊದಲ ವಾರ ಕ್ಯಾಂಟೀನಿನಲ್ಲಿ ನೀರು ಕೇಳಲು ಹೋಗಿ ಅದೇನು ಕೇಳಿದೆನೋ, ಮಾಣಿ ಎರಡು ಬೋಂಡಾ ತಂದಿಟ್ಟ. ಬಿಡೋದೇಕೆ ಅಂತ ತಿನ್ನುತ್ತಿದ್ದಾಗ ಹಿಂದಿನಿಂದ ಯಾರೋ, "ಅಮ್ಮಣಿ, ನೀರು ಅಲ್ಲಿ ಪಾನೆಯಲ್ಲಿ ಐತೆ" ಎಂದು ಮೂಲೆಯ ಮಡಕೆ ತೋರಿಸಿದರು. ತಿರುಗಿ ನೋಡಿದರೆ ಬಿಳಿ ಅಂಗಿ, ಕಿವಿಯ ಮೇಲೆ ಸ್ಕ್ರೂಡ್ರೈವರ್, ಹಣೆಯ ಮೇಲೆ ವಿಭೂತಿ.

"ನಿಮಗೆ ಕನ್ನಡ ಬರುತ್ತಾ?" ಎಂದೆ.

"ಮನೇಲಿ ಅದೇ ತಾನೆ. ಓದಕ್ಕೆ ಬರಲ್ಲೆ. ಮಾತಾಡಕ್ಕೆ ಐತೆ."

ಅವರ ಊರು ಅಲ್ಲಿಗೆ ಹತ್ತಿರದ ಸಿರುಮುಗೈ. ನೇಕಾರರ ಮನೆತನ. ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದವರೋ ಅವರಿಗೇ ಗೊತ್ತಿಲ್ಲ. ಹದಿನಾರನೇ ವಯಸ್ಸಿಗೇ ಮಗ್ಗ ಬಿಟ್ಟು ಮೋಟರ್ ಹಿಡಿದವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಇರಲಿ. ಹೆಸರು ಹಾಕಿದರೆ "ಅದೆಲ್ಲಾ ಎದುಕ್ಕು ಅಮ್ಮಣಿ?" ಎನ್ನುತ್ತಿದ್ದರು. ಯಾವುದಕ್ಕೂ 'ಯಾಕೆ' ಎನ್ನುವ ಜಾಗದಲ್ಲಿ ಅವರಿಗೆ ಆ ತಮಿಳು 'ಎದುಕ್ಕು' ಬೇಕು.

ಅವರ ಕೆಲಸದ ರೀತಿ ತಿಳಿಯಲು ಒಂದು ಸಂಗತಿ ಸಾಕು. ಒಬ್ಬ ರೈತನ ಮೋಟರ್ ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ನಮ್ಮವರು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದರು. ಇಲ್ಲಿ ಬೆಂಚಿನ ಮೇಲೆ ಅದು ಬೆಳಗಿನಿಂದ ಸಂಜೆವರೆಗೂ ಗಂಭೀರವಾಗಿ ಓಡಿತು. ಕೊನೆಗೆ ಇವರು ಹೋದರು. ಬಾವಿಯ ಕಡೆ ತಲೆ ಹಾಕಲಿಲ್ಲ, ನೇರ ಅಡುಗೆಮನೆ ಬಾಗಿಲಲ್ಲಿ ನಿಂತು ಆ ರೈತನ ಹೆಂಡತಿಯನ್ನು ಮಾತಾಡಿಸಿದರು. ಆಕೆ ಮೂರೂವರೆಗೆ ಮಗುವಿನ ಬಟ್ಟೆ ಒಗೆದು, ಬೆಚ್ಚಗಿರುತ್ತದೆ ಅಂತ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಒಣಹಾಕುತ್ತಿದ್ದಳು, ನೀರು ಒಳಗಿಳಿದು ಮೋಟರ್ ನಿಲ್ಲುತ್ತಿತ್ತು. ಅಣ್ಣ ಒಂದು ಹಗ್ಗ ಕಟ್ಟಿಕೊಟ್ಟು ಬಂದರು. ರಿಪೇರಿ ಖಾತೆಯಲ್ಲಿ 'ಬಳಸಿದ ಸಾಮಾನು' ಎಂಬಲ್ಲಿ 'ಹಗ್ಗ, ಎರಡು ಮೊಳೆ' ಎಂದು ಬರೆದರು. ಮ್ಯಾನೇಜರು ವಿವರಣೆ ಕೇಳಿದ್ದಕ್ಕೆ, "ಮೂರು ಮೊಳೆ. ಒಂದು ಬಗ್ಗಿಹೋಯ್ತು" ಎಂದು ತಿದ್ದಿಕೊಟ್ಟರು.

ಅವರ ಬಳಿ ಒಂದು ನೋಟುಪುಸ್ತಕವಿತ್ತು. ಪ್ರತಿ ಕೋಳಾರಿಗೂ, ಎಂದರೆ ದೋಷಕ್ಕೂ, ಒಂದೊಂದು ಸಾಲು. ದಿನ, ಏನಾಯಿತು, ಕಾರಣ. ಭಾಷೆ ಕನ್ನಡ, ಅಕ್ಷರ ತಮಿಳು. ನನಗೆ ಅದನ್ನು ಓದಲು ಬಾರದು, ಅವರಿಗೆ ನನ್ನ ವಾರಪತ್ರಿಕೆ ಓದಲು ಬಾರದು. ಊಟದ ಹೊತ್ತಿನಲ್ಲಿ ಅವರು ತಮ್ಮದನ್ನು ಓದಿ ಹೇಳುತ್ತಿದ್ದರು, ನಾನು ನನ್ನದನ್ನು ಓದಿ ಹೇಳುತ್ತಿದ್ದೆ. ಅವರ ನೋಟುಪುಸ್ತಕವೇ ಹೆಚ್ಚು ಸ್ವಾರಸ್ಯವಾಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಒಂದು ವಿಷಯ ನೋಡಿದ್ದೆ: ಆ ಮೂರನೆಯ 'ಕಾರಣ'ದ ಮನೆಯನ್ನು ಅವರು ಎಂದೂ ಖಾಲಿ ಬಿಡುತ್ತಿರಲಿಲ್ಲ.

ಇಂಥವರ ಮನೆಗೆ ಒಂದು ಕಂಪ್ಯೂಟರ್ ಬಂತು.

ಈಗಿನ ಕಂಪ್ಯೂಟರ್ ಅಂದುಕೊಳ್ಳಬೇಡಿ. ಟಿಫನ್ ಡಬ್ಬಿಯಷ್ಟು ದಪ್ಪದ ಒಂದು ಕೀಲಿಮಣೆ. ಅದನ್ನು ಟಿವಿಗೆ ಸಿಕ್ಕಿಸಬೇಕು. ಬರೆದದ್ದನ್ನು ಉಳಿಸಲು ಹಾಡು ಕೇಳುವ ಟೇಪ್ ರೆಕಾರ್ಡರ್. ಕರೆಂಟ್ ಒಂದು ಕ್ಷಣ ತಪ್ಪಿದರೂ ತಲೆಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಯಾರೋ ನೆಂಟರು ಸಿಂಗಪುರದಿಂದ ತಂದು, ಆಡಿ ಬೇಸತ್ತು ಬಿಟ್ಟದ್ದು.

ಅಣ್ಣನಿಗೆ ಅದು ಬೇಕಾದದ್ದು ಆಟಕ್ಕಲ್ಲ. ಅವರ ತಾಯಿ, ಅವ್ವ, ಎಪ್ಪತ್ತರ ಹತ್ತಿರದವರು, ಇನ್ನೂ ಕುಳಿ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಅವ್ವನ ಮದುವೆ ಸೀರೆಯನ್ನು ಅಣ್ಣನ ತಂದೆಯೇ ನೇಯ್ದಿದ್ದರಂತೆ. ಅದರ ಅಂಚಿನ ಹೂಬಳ್ಳಿಗೆ ಯಾವ ನಕಲೂ ಇರಲಿಲ್ಲ. ಡಿಸೈನಿನ ರಟ್ಟುಗಳನ್ನು ಗೆದ್ದಲು ತಿಂದಿತ್ತು, ನೇಯ್ದವರು ಇರಲಿಲ್ಲ, ಸೀರೆ ಮಡಿಕೆ ಮಡಿಕೆಯಲ್ಲಿ ಸೀಳುತ್ತಿತ್ತು. ಮೊಮ್ಮಗಳ, ಎಂದರೆ ಅಣ್ಣನ ಮಗಳ, ಮದುವೆ ಸಂಕ್ರಾಂತಿ ಕಳೆದು ತೈ ತಿಂಗಳಿಗೆ ಗೊತ್ತಾಗಿತ್ತು. ಆ ಅಂಚಿನ ಸೀರೆಯನ್ನು ತಾನೇ ನೇಯ್ದು ಅವಳಿಗೆ ಉಡಿಸಬೇಕು ಎಂದು ಅವ್ವನ ಹಟ. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಡಾಕ್ಟರು ಆಪರೇಷನ್ ಮಾಡೋಣ ಅಂದರೆ, "ಆ ಸೀರೆ ಮುಗೀಲಿ. ಆಮೇಲೆ ಕಣ್ಣು ಇದ್ರೇನು, ಹೋದ್ರೇನು" ಎಂದಿದ್ದರಂತೆ.

ಹಳೆಯ ಮಗ್ಗದ ಎಳೆ ಲೆಕ್ಕ ಬೇರೆ, ಈಗಿನ ಮಗ್ಗದ್ದು ಬೇರೆ. ಇದ್ದದ್ದನ್ನು ಇದ್ದ ಹಾಗೇ ಎತ್ತಿಟ್ಟರೆ ಮೊಗ್ಗು ಕುಂಬಳಕಾಯಿ ಆಗುತ್ತದೆ. ಅಣ್ಣ ಭೂತಗನ್ನಡಿ ಹಿಡಿದು ಹರಿದ ಸೀರೆಯ ಎಳೆ ಎಣಿಸಿ ಎಣಿಸಿ ಬರೆದುಕೊಂಡರು. ಹೊಸ ಲೆಕ್ಕಕ್ಕೆ ಅದನ್ನು ಹೊಂದಿಸುವ ಕೆಲಸ ಆ ಡಬ್ಬಿಯದು. ಅದರ ಸಣ್ಣ ತಲೆಗೆ ಇಡೀ ಅಂಚು ಒಟ್ಟಿಗೆ ಹಿಡಿಸುವುದಿಲ್ಲವೆಂದು ಏಳು ತುಂಡು ಮಾಡಿದರು. ಒಂದು ತುಂಡಿಗೆ ಒಂದು ದಿನ.

ಆದರೆ ಆ ಒಂದು ದಿನ ಸಾಲುತ್ತಿರಲಿಲ್ಲ. ಒಂದು ತುಂಡಿನ ಲೆಕ್ಕಕ್ಕೆ ಹದಿನೇಳು ಗಂಟೆ ಹಿಡಿಯುತ್ತಿತ್ತು. ಸಿರುಮುಗೈಯಲ್ಲಿ ದೀಪ ಹಚ್ಚುವ ಹೊತ್ತಿಗೆ ವೋಲ್ಟೇಜ್ ಇಳಿದು ಬಲ್ಬು ಕೆಂಪಗಾಗುತ್ತದೆ, ಡಬ್ಬಿ ಪ್ರಜ್ಞೆ ತಪ್ಪುತ್ತದೆ. ಏನಾದರೂ ಆಗುವುದಿದ್ದರೆ ಬೆಳಗಿನ ಆರರಿಂದ ಸಂಜೆ ಆರರೊಳಗೆ ಆಗಬೇಕು. ಅದಕ್ಕೇ ಅಣ್ಣ ಅದರ ಹೊಟ್ಟೆ ಬಿಚ್ಚಿದರು. ಇಂಥ ಯಂತ್ರದೊಳಗೆ ಒಂದು ಹರಳು ಇರುತ್ತದೆ, ಅದು ತಾಳ ಹಾಕಿದ ಹಾಗೆ ಯಂತ್ರ ಕುಣಿಯುತ್ತದೆ. ರೇಡಿಯೋ ಸಾಮಾನಿನ ಅಂಗಡಿಯಿಂದ ಹೆಚ್ಚು ವೇಗದ ಹರಳೊಂದನ್ನು ತಂದು ಬೆಸೆದರು. ಹಳೆಯದನ್ನು ಕೀಳಲಿಲ್ಲ, ಎರಡರ ನಡುವೆ ಒಂದು ಸ್ವಿಚ್ ಇಟ್ಟರು. ಟೇಪಿನಿಂದ ಲೆಕ್ಕ ಒಳಗೆ ಹಾಕುವಾಗ ನಿಧಾನ, ಆಮೇಲೆ ಟಕ್ ಅಂತ ಜೋರು. ಜೋರಾದಾಗ ಟಿವಿಯಲ್ಲಿ ಚಿತ್ರ ಕಲಸಿದ ಚಿತ್ರಾನ್ನದ ಹಾಗೆ ಆಗುತ್ತಿತ್ತು. "ನೋಡಕ್ಕೇನೈತೆ? ಒಳಗೆ ಲೆಕ್ಕ ನಡೀತೈತೆ" ಎಂದು ಟಿವಿ ಆರಿಸಿ, ಒಂದು ಕೆಂಪು ಪುಟ್ಟ ದೀಪ ಮಾತ್ರ ಉಳಿಸಿದರು. ಹತ್ತೂವರೆ ಗಂಟೆಗೆ ಕೆಲಸ ಮುಗಿಯಬೇಕು.

ಜೋರಾಗಿ ಓಡಿದರೆ ಬಿಸಿ ಹೆಚ್ಚು ಎಂದು ಅವರಿಗೆ ಗೊತ್ತಿಲ್ಲದ್ದಲ್ಲ. ಮನೆಯಲ್ಲಿ ಪ್ಲಗ್ಗು ಇದ್ದದ್ದು ಮಗ್ಗದ ಕೋಣೆಯಲ್ಲಿ ಒಂದೇ. ಅಲ್ಲಿ ಡಬ್ಬಿ ಇಟ್ಟು, ಎದುರಿಗೆ ಒಂದು ಹೊಸ ಟೇಬಲ್ ಫ್ಯಾನ್ ಇಟ್ಟರು.

ಅಣ್ಣ ಬೆಳಿಗ್ಗೆ ಆರರ ಬಸ್ಸಿಗೆ ಮುಂಚೆ ಎಲ್ಲ ಶುರು ಮಾಡಿ ಬರುತ್ತಿದ್ದರು. ಮಗಳು ಮೇಟ್ಟುಪಾಳ್ಯದಲ್ಲಿ ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದಳು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹಗಲಿಡೀ ಮನೆಯಲ್ಲಿ ಅವ್ವ ಮತ್ತು ಡಬ್ಬಿ. ಸಂಜೆ ಆರರ ಬಸ್ಸಿಗೆ ಅಣ್ಣ ಮನೆ ಸೇರಿದರೆ ಫ್ಯಾನ್ ತಿರುಗುತ್ತಿರುತ್ತದೆ, ಕೆಂಪು ದೀಪ ಉರಿಯುತ್ತಿರುತ್ತದೆ, ಟಿವಿ ಹಾಕಿದರೆ ಡಬ್ಬಿಯ ತಲೆ ಖಾಲಿ. ನಡುವೆ ಎಲ್ಲೋ ಸತ್ತು ಮತ್ತೆ ಹುಟ್ಟಿದೆ.

"ಕರೆಂಟ್ ಹೋಗಿತ್ತಾ ಅವ್ವ?"

"ಇಲ್ಲೆ ಸಾಮಿ."

ಭಾನುವಾರ ಕೂತು ನೋಡಬಾರದೇ ಎಂದು ನಾನು ಕೇಳಿದೆ. ಭಾನುವಾರ ಆ ಟಿವಿ, ಆ ಪ್ಲಗ್ಗು, ಆ ಕೋಣೆ ಬೀದಿಯವರದಂತೆ. ಬೆಳಗಿನ ಧಾರಾವಾಹಿಗೆ ಬಂದವರು ರಾತ್ರಿಯ ಸಿನಿಮಾ ಮುಗಿಸಿಯೇ ಏಳುವುದಂತೆ. "ಅವರನ್ನ ಎಬ್ಬಿಸಕ್ಕೆ ಆಗ್ತದಾ? ಮದುವೆಗೆ ಬರೋರು ತಾನೆ" ಎಂದರು.

ಮೂರು ತಿಂಗಳು ಹೀಗೇ ನಡೆಯಿತು. ಕಾರ್ಖಾನೆಯ ಅರ್ಧ ಜನಕ್ಕೆ ಇದೇ ಮಾತು. ವೆಲ್ಡರ್ ಒಬ್ಬ ಹರಳಿಗೆ ದೃಷ್ಟಿಯಾಗಿದೆ ಅಂದ. ಇಂಜಿನಿಯರೊಬ್ಬರು ಪುಸ್ತಕ ತಂದು ತೋರಿಸಿದರು. ಪುಸ್ತಕದಲ್ಲಿ ಸಿರುಮುಗೈ ಇರಲಿಲ್ಲ. ಅಣ್ಣ ಹರಳು ಬದಲಿಸಿದರು, ವೈರ್ ಬದಲಿಸಿದರು, ಬಿಸಿ ಹೀರಲಿ ಅಂತ ಅಲ್ಯುಮಿನಿಯಂ ರೆಕ್ಕೆಗಳನ್ನು ಜೋಡಿಸಿದರು. ತಾವೇ ಸುತ್ತಿ ಒಂದು ಸ್ಟೆಬಿಲೈಸರ್ ಮಾಡಿದರು. ಅದು ಡಬ್ಬಿಗಿಂತ ನಾಲ್ಕು ಪಟ್ಟು ದೊಡ್ಡದಾಗಿತ್ತು. ಡಬ್ಬಿ ಎಂದಿನಂತೆ ಸತ್ತು ಹುಟ್ಟುತ್ತಲೇ ಇತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ನೋಟುಪುಸ್ತಕ ಬಿಚ್ಚಿ ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು: "ಮೂರು ಸಲ ಮಾತ್ರ ಕೆಲಸ ಪೂರ್ತಿ ಆಗೈತೆ ಅಮ್ಮಣಿ. ಮೂರೂ ಅಮಾಸೆ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ಎಲ್ಲಾರೂ ಅಮಾಸೆ ದಿನ ಕೆಲಸ ಬಿಡ್ತಾರೆ. ಇದು ಅಮಾಸೆ ದಿನ ಮಾತ್ರ ಮಾಡ್ತೈತೆ" ಎಂದು ಊಟದ ಡಬ್ಬಿ ಮುಚ್ಚಿ ಕೈ ತೊಳೆಯಲು ಹೋದರು. ಆ ತಿಂಗಳ ಲೆಕ್ಕ ಎಲ್ಲರಿಗೂ ಬರುತ್ತಿತ್ತು. ಉಳಿದದ್ದು ನಾಲ್ಕು ತುಂಡು. ತಿಂಗಳಿಗೆ ಒಂದರಂತೆ ಹೋದರೆ ತೈ ತಿಂಗಳು ದಾಟಿಹೋಗುತ್ತದೆ, ಅವ್ವನ ಕಣ್ಣು ಅದಕ್ಕೂ ಮೊದಲೇ ಹೋಗುತ್ತದೆ.

ಆ ವಾರವೇ ನಾನು ಸಿರುಮುಗೈಗೆ ಹೋದೆ. ದೋಷ ಹುಡುಕಲಿಕ್ಕಲ್ಲ. ನಾದಿನಿಗೆ ಒಂದು ಸೀರೆ ಬೇಕಿತ್ತು, ನನಗೆ ರಜೆ ಇತ್ತು. ಅಣ್ಣ ಕಾರ್ಖಾನೆಯಲ್ಲಿದ್ದರು. "ಮೊದ್ಲು ಅವ್ವನ್ನ ಮಾತಾಡ್ಸಿ ಹೋಗಿ, ಅಂಗಡಿಯೋರು ಮೋಸ ಮಾಡಲ್ಲೆ" ಎಂದು ಅವರೇ ಹೇಳಿ ಕಳಿಸಿದ್ದರು.

ಅವ್ವ ಬಾಗಿಲಿಗೆ ಬಂದು ನನ್ನ ಮುಖವನ್ನು ಒಂದು ಗೇಣಿನಷ್ಟು ಹತ್ತಿರದಿಂದ ನೋಡಿ, "ವಾ ಕಣ್ಣು, ಕನ್ನಡದ ಹುಡುಗಿನಾ? ಕುಂತ್ಕೊ" ಎಂದರು. ಪ್ರೀತಿಯಿಂದ ಕರೆಯುವುದಾದರೆ ಅವರಿಗೆ ಎಲ್ಲರೂ 'ಕಣ್ಣು'. ಕಾಫಿ ಕೊಟ್ಟರು. ಆಮೇಲೆ ಮಗ್ಗದ ಕುಳಿಗೆ ಕಾಲು ಇಳಿಬಿಟ್ಟು ಕೂತರು. ಕೂರುವುದಕ್ಕೆ ಮೊದಲು ಕಿಟಕಿ ಮುಚ್ಚಿದರು, ನೆಲಕ್ಕೆ ಒಂದಿಷ್ಟು ನೀರು ಚಿಮುಕಿಸಿದರು, ಫ್ಯಾನಿನ ಸ್ವಿಚ್ ಆರಿಸಿದರು.

ನಾನು ಕಾಫಿ ಲೋಟ ಕೆಳಗಿಟ್ಟೆ. "ಯಾಕೆ ಅವ್ವ, ಫ್ಯಾನ್ ಯಾಕೆ ಆರಿಸಿದ್ರಿ?"

"ಕಾತ್ತು ಬಂದ್ರೆ ಪಾವು ಒಣಗ್ತದೆ ಕಣ್ಣು. ಎಳೆ ಪಟ್ ಪಟ್ ಅಂತ ಕಿತ್ತೋಗ್ತದೆ." ಮುಂದೆ ಪಾವಾಗಿ ಹಾಸಿದ್ದ ರೇಷ್ಮೆ ಎಳೆಗಳ ಮೇಲೆ ಕೈಯಾಡಿಸಿದರು. ಕಾತ್ತು, ಎಂದರೆ ಗಾಳಿ, ಬಿದ್ದರೆ ರೇಷ್ಮೆ ನೇಯಲಾಗುವುದಿಲ್ಲ. ಊರಿನ ಮಗುವಿಗೂ ಗೊತ್ತಿರುವ ಸಂಗತಿ.

"ಮತ್ತೆ ಅಣ್ಣ ಹಾಕಿ ಹೋಗ್ತಾರಲ್ಲ?"

ಅವ್ವ ನಕ್ಕರು. ಲಾಳಿಯನ್ನು ಎತ್ತಿದವರು ಅಲ್ಲೇ ಹಿಡಿದುಕೊಂಡು ದನಿ ತಗ್ಗಿಸಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನನಗೆ ಸೆಖೆ ಆಗ್ತದೆ ಅಂತ ಮಡಗವ್ನೆ. ಒಂದ್ ಮಾತೂ ಹೇಳಲ್ಲೆ ಅವನು. ಅವರಪ್ಪನೂ ಹಂಗೇ. ಹೊಸ ಫ್ಯಾನು ತಂದ, ನನ್ನ ಮೊಣಕಾಲಿಗೆ ಕಾತ್ತು ಬರೋ ಹಂಗೆ ಮಡಗಿದ, ಹೋದ. ಬೇಡ ಅಂದ್ರೆ ಮನಸ್ಸಿಗೆ ನೋವಾಗಲ್ವಾ? ಅವನು ಹೋದ ಮೇಲೆ ಆರಿಸ್ತೀನಿ. ಸಾಯಂಕಾಲ ತಿರುವಲ್ಲಿ ಬಸ್ಸು ಹಾರ್ನ್ ಹೊಡೀತದೆ, ಎದ್ದು ಹಾಕ್ಬಿಡ್ತೀನಿ. ನೀನು ಹೇಳ್ಬಿಡಬೇಡ."

ಮಗ್ಗಕ್ಕೆ ತಾಗದಿರಲೆಂದು ಡಬ್ಬಿಯ ಕಡೆ ತಿರುಗಿಸಿಟ್ಟ ಫ್ಯಾನಿನ ಗಾಳಿ, ಡಬ್ಬಿಯನ್ನು ದಾಟಿ ನೇರ ಅವ್ವನ ಮೊಣಕಾಲಿಗೆ ಬರುತ್ತಿತ್ತು. ಅದನ್ನು ಅಣ್ಣ ನೋಡಿರಲಿಲ್ಲ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅವ್ವ ಗುಡಿಗೆ ಹೋಗುತ್ತಿದ್ದರು, ಫ್ಯಾನಿನ ಗೊಡವೆಗೆ ಹೋಗುತ್ತಿರಲಿಲ್ಲ. ಮೂರು ತಿಂಗಳ ಕೋಳಾರು ಇಷ್ಟೇ. ಅರ್ಧ ಗಂಟೆಯೊಳಗೆ ಕೆಂಪು ದೀಪ ಆರಿದ್ದನ್ನು ನಾನೇ ನೋಡಿದೆ. ಬಿಸಿ ಹೆಚ್ಚಾದರೆ ತಾನೇ ನಿಂತು, ತಣ್ಣಗಾದರೆ ತಾನೇ ಏಳುವ ಭಾಗವೊಂದು ಅದರೊಳಗಿತ್ತು. ಅವ್ವನ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇತ್ತು. ಮಗ್ಗದ ಮೇಲಿದ್ದ ಆ ಸೀರೆ ಮುಗಿದರೆ ತಾನೆ ಮೊಮ್ಮಗಳ ಸೀರೆಗೆ ಮಗ್ಗ ಖಾಲಿಯಾಗುವುದು.

ಬಾಯಿಯ ತುದಿಗೆ ಬಂದಿತ್ತು: ಅವ್ವ, ಆ ಫ್ಯಾನು ನಿಮಗಲ್ಲ, ಡಬ್ಬಿಗೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಮನೆಯವರನ್ನು ಕೇಳಿ ನೋಡಿ. ಆದರೆ ಆ ಮುದುಕಿಯ ಮುಖದಲ್ಲಿದ್ದ ಸಂತೋಷ ನೋಡಿ ನನ್ನ ಕೈಲಿ ಆಗಲಿಲ್ಲ. ನಾದಿನಿಯ ಸೀರೆ ಮರೆತು ಬಸ್ಸು ಹತ್ತಿದೆ. ಅವಳು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅಣ್ಣನಿಗೆ ಎಲ್ಲ ಹೇಳಿದೆ. ಅವರು ಕಲಸಿದ ತುತ್ತನ್ನು ಮತ್ತೆ ಕಲಸುತ್ತಾ ಕೇಳಿದರು.

"ಅವ್ವ ಏನಂದ್ಲು? ಅದೇ ಮಾತಲ್ಲಿ ಹೇಳಿ."

"ನನಗೆ ಸೆಖೆ ಆಗ್ತದೆ ಅಂತ ಮಡಗವ್ನೆ, ಅಂದ್ರು."

ಅವರು ತುತ್ತನ್ನು ಕೆಳಗಿಟ್ಟರು. ಬೆಂಚಿನ ಮೇಲೆ ಯಾವುದೋ ಮೋಟರ್ ಓಡುತ್ತಿತ್ತು, ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದರು. ಇಪ್ಪತ್ತೈದು ವರ್ಷದಿಂದ ಊರವರ ಹೆಂಡಿರು ಮಕ್ಕಳನ್ನೆಲ್ಲ 'ಪಕ್ಕದಲ್ಲಿ ಯಾರಿರ್ತಾರೆ' ಎಂದು ಕೇಳಿದ ಮನುಷ್ಯ, ತನ್ನ ಮನೆಯಲ್ಲಿ ಕೇಳಿದ್ದು 'ಕರೆಂಟ್ ಹೋಗಿತ್ತಾ' ಎಂಬ ಒಂದೇ ಪ್ರಶ್ನೆ.

"ನೀವೇನಂದ್ರಿ ಅವ್ವಂಗೆ?"

"ಏನೂ ಅನ್ನಲಿಲ್ಲ."

"ಅನ್ನಬೇಡಿ" ಎಂದರು. ಊಟದ ಡಬ್ಬಿ ಮುಚ್ಚಿಟ್ಟು, "ಅವಳಿಗೆ ಅಂತ ನಾನು ಒಂದು ಫ್ಯಾನೂ ತಂದಿಲ್ಲ ಅಮ್ಮಣಿ" ಎಂದರು.

ಸೋಮವಾರ ಅವರು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಕಂಪನಿಗೆ ಬೇಕಂತೆ ಎಂದು ಅವ್ವನಿಗೆ ಹೇಳಿದ್ದರಂತೆ. ನಾನು ಕಂಡಂತೆ ಅವರು ಹೇಳಿದ ಸುಳ್ಳು ಅದೊಂದೇ. ಡಬ್ಬಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತಿತು. ಬೆಳಿಗ್ಗೆ ಬಸ್ಸಿಳಿದು ನೇರ ಬಂದು ಅವರೇ ಶುರು ಮಾಡುವುದು, ಸಂಜೆ ಅವರೇ ನೋಡಿ ಕೊನೆಯ ಬಸ್ಸಿಗೆ ಹೋಗುವುದು. ನಮ್ಮ ಟೇಬಲ್ ಫ್ಯಾನ್ ಅದಕ್ಕೆ ಮೀಸಲಾಯಿತು. ಯಜಮಾನರು ನಾಲ್ಕು ದಿನ ಪಂಚಾಂಗದಿಂದ ಗಾಳಿ ಬೀಸಿಕೊಂಡು ಪೇಪರ್ ಓದಿದರು. "ಇದಕ್ಕೆ ಪಲ್ಯ ಏನು ಮಾಡಲಿ ಅಂತಲೂ ಕೇಳಿಬಿಡು" ಎಂದರು. ನಾಲ್ಕು ದಿನಕ್ಕೆ ನಾಲ್ಕು ತುಂಡು. ಡಬ್ಬಿ ಒಮ್ಮೆಯೂ ನಿಲ್ಲಲಿಲ್ಲ. ಏಳೂ ತುಂಡನ್ನು ಸೇರಿಸಿ ಚೌಕಳಿ ಹಾಳೆಯ ಮೇಲೆ ಶಾಯಿಯಲ್ಲಿ ಎಳೆದುಕೊಟ್ಟವಳು ನಾನು. ಪಂಪಿನ ಕವಾಟಗಳನ್ನೇ ಎಳೆದೆಳೆದು ಬೇಸತ್ತಿದ್ದ ಕೈಗೆ ಮೊದಲ ಸಲ ಹೂವು ಸಿಕ್ಕಿತ್ತು.

ಅವ್ವ ಸೀರೆ ನೇಯ್ದರು. ಮದುವೆಗೆ ಒಂಬತ್ತು ದಿನ ಇರುವಾಗ ಮಗ್ಗದಿಂದ ಕೊಯ್ದರು. ನಾವು ನೋಡಲು ಹೋದಾಗ ಅಂಚನ್ನು ಕಣ್ಣಿಗೆ ಹಿಡಿಯಲಿಲ್ಲ, ಹೆಬ್ಬೆರಳಿನಿಂದ ಸವರುತ್ತಾ ಹೋದರು. "ಅದೇ" ಎಂದರು. ಇನ್ನೊಮ್ಮೆ ಸವರಿ, "ಮೂರನೇ ಮೊಗ್ಗು ಸ್ವಲ್ಪ ದಪ್ಪ. ಅವರಪ್ಪಂದು ಇಷ್ಟು ದಪ್ಪ ಇರಲಿಲ್ಲೆ" ಎಂದರು. ಅಣ್ಣ ನೋಟುಪುಸ್ತಕ ತೆಗೆದು ಬರೆದುಕೊಂಡರು. ಫ್ಯಾನ್ ತಿರುಗುತ್ತಿತ್ತು. ನಾವು ಬರುವ ಬಸ್ಸಿನ ಹಾರ್ನ್ ಅವ್ವನಿಗೆ ಕೇಳಿಸಿತ್ತು.

ಡಬ್ಬಿ ಹೋದ ಮೇಲೂ ಅಣ್ಣ ಪ್ರತಿದಿನ ಬೆಳಿಗ್ಗೆ ಆ ಫ್ಯಾನ್ ಹಾಕಿಯೇ ಹೊರಡುತ್ತಿದ್ದರು. ಹಾಕದಿದ್ದರೆ ಅವ್ವ ಏನಂದುಕೊಳ್ಳುತ್ತಾರೆ? ಅವರು ಹಾಕುವುದು, ಇವರು ಆರಿಸುವುದು, ಇವರು ಹಾಕುವುದು, ಅವರು ಬಂದು ನೋಡುವುದು. ಇಬ್ಬರೂ ಒಂದು ಮಾತೂ ಆಡದೆ ಎರಡು ವರ್ಷ ಇದನ್ನು ನಡೆಸಿದರು. ಹೊರಗಿನವರಲ್ಲಿ ನನಗೆ ಮಾತ್ರ ಎರಡೂ ಕಡೆಯದು ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು.

ಅಣ್ಣ ಕೆಲಸದ ಮೇಲಿರುವಾಗಲೇ ಹೋದರು. ಎದೆನೋವು ಅಂದರು, ಬೆಂಚಿನ ಮೇಲಿದ್ದ ಮೋಟರ್ ನಿಲ್ಲಿಸಿದರು, ಕೂತರು, ಅಷ್ಟೇ. ನಾಲ್ಕನೆಯ ದಿನ ನಾನು ಸಿರುಮುಗೈಗೆ ಹೋದೆ. ಮಗಳು ಬಸುರಿ, ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಆ ನೋಟುಪುಸ್ತಕ ತಂದು, ಡಬ್ಬಿಯ ದೋಷದ ಪುಟ ತೆಗೆದು, "ಇದೇನು ಅಂತ ಅರ್ಥ ಆಗಲ್ಲೆ ಅತ್ತೆ" ಎಂದು ಕೊನೆಯ ಸಾಲು ಓದಿದಳು. ಕಾರಣದ ಮನೆಯಲ್ಲಿ ಅಣ್ಣ ಬರೆದದ್ದು: ನಾನು ಹೇಳಲಿಲ್ಲ.

ಅವ್ವ ಗೋಡೆಗೆ ಒರಗಿ ಕೂತಿದ್ದರು. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದು ಹೋಗಿತ್ತು. ಸಾವಿನ ಮನೆಯಲ್ಲಿ ಮಗ್ಗ ನಡೆಯುವುದಿಲ್ಲ. ಕುಳಿಗೆ ಹಲಗೆ ಮುಚ್ಚಿದ್ದರು, ಎಳೆಗಳ ಮೇಲೆ ಬಟ್ಟೆ ಹೊದಿಸಿದ್ದರು. ಕೋಣೆಯಲ್ಲಿ ಸೆಖೆ, ನಾವು ಮೂವರೂ ಬೆವರುತ್ತಾ ಕೂತಿದ್ದೆವು. ಯಾರಿಗೂ ಫ್ಯಾನಿನ ನೆನಪಾಗಲಿಲ್ಲ.

ತಿರುವಿನಲ್ಲಿ ಆರರ ಬಸ್ಸು ಹಾರ್ನ್ ಹೊಡೆಯಿತು.

ಅವ್ವ ಗೋಡೆ ಹಿಡಿದು ಎದ್ದರು. ನಾಲ್ಕು ಹೆಜ್ಜೆ ತಡವಿಕೊಂಡು ಹೋಗಿ ಸ್ವಿಚ್ ಹಾಕಿದರು. ಹಾಕಿದ ಮೇಲೆ ಕೈಯನ್ನು ಅಲ್ಲಿಂದ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತರು. ಯಾಕೆ ಎದ್ದೆ ಎಂದು ಅವರಿಗೂ ಗೊತ್ತಾಯಿತು, ನಮಗೂ ಗೊತ್ತಾಯಿತು. ಮಗಳು ಆರಿಸಲು ಹೋದಳು. ಅವ್ವ ಬೇಡವೆಂದು ಕೈ ಆಡಿಸಿದರು.

ಆಮೇಲೆ ಫ್ಯಾನಿನ ಎದುರಿಗೆ, ಮಗ್ಗದ ಹಲಗೆಯ ಮೇಲೆ, ಕಾಲು ಚಾಚಿ ಕೂತರು. ಗಾಳಿ ಅವರ ಮೊಣಕಾಲಿಗೆ ಬಂತು. ಸೆರಗು ಅಲ್ಲಾಡಿತು.

"ಒಳ್ಳೆ ಕಾತ್ತು" ಎಂದರು. "ಇಷ್ಟು ಚೆನ್ನಾಗಿ ಬರ್ತದೆ ಅಂತ ಅವನಿಗೆ ಒಂದ್ ದಿನಾನೂ ಹೇಳಲಿಲ್ಲೆ ನಾನು."